ಸುಂದರಿಯ ಎಲೆಗೆ ಏನು ಬಡಿಸುವುದು

ಬಂಟ್ವಾಳಕ್ಕೆ ಬಂದ ಪ್ರವಾಸಿಗರಿಗೆ ಊರು ತೋರಿಸಬೇಕೆಂದರೆ ಧರ್ಣಪ್ಪನ ಕಾರೇ ಆಗಬೇಕು. ನೇತ್ರಾವತಿ ದಡದ ಹಳೆಪೇಟೆಯಿಂದ ಹೊರಟರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ವೇಣೂರಿನ ಗೊಮ್ಮಟ, ಉಮೇದು ಇದ್ದವರಿಗೆ ಚಾರ್ಮಾಡಿ ಘಾಟಿ. ಆದರೆ ಅವನು ಹೆಸರು ಮಾಡಿದ್ದು ನೋಡುವ ಜಾಗಗಳಿಂದಲ್ಲ, ತಿನ್ನುವ ಜಾಗಗಳಿಂದ. ಕಾರು ಹತ್ತಿದವರ ಮುಖ ನೋಡಿಯೇ ಇವರಿಗೆ ಕೋರಿ ರೊಟ್ಟಿಯೋ, ನೀರುದೋಸೆಯೋ, ಪತ್ರೊಡೆಯೋ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಬಂದವರು ವರ್ಷಗಳ ಮೇಲೆ ಮತ್ತೆ ಬಂದರೂ, "ನಿಮಗೆ ಖಾರ ಆಗುವುದಿಲ್ಲ ಅಲ್ವಾ ಮೇಡಂ?" ಎಂದು ಅವನೇ ನೆನಪಿಸುತ್ತಿದ್ದ. ಅದರ ಜಂಬವೂ ಅವನಿಗೆ ಸ್ವಲ್ಪ ಇತ್ತು, ಇಲ್ಲವೆಂದರೆ ಸುಳ್ಳಾದೀತು.

ಅಂಥವನ ಹೆಂಡತಿ ಸುಂದರಿ ಈ ಮಳೆಗಾಲದ ಕೊನೆಗೆ ಜ್ವರ ಬಂದು ತೀರಿಕೊಂಡಳು. ಉತ್ತರಕ್ರಿಯೆಗೆ ಅಲ್ಲಿ ಬೊಜ್ಜ ಎನ್ನುತ್ತಾರೆ. ಅಂದು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಕೋಣೆಯೊಳಗೆ ಬಾಳೆಲೆಗೆ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಉಳಿದವರು ಹೊರಗೆ ನಿಲ್ಲಬೇಕು. ಹಿಂದಿನ ದಿನ ಸಂಜೆ ಮಗಳು ಚಿತ್ರಾ ಅಪ್ಪನ ಹತ್ತಿರ ಬಂದು ಕೂತಳು.

"ಅಪ್ಪ, ಅಮ್ಮನಿಗೆ ಏನೆಲ್ಲ ಇಷ್ಟ? ಹೇಳಿ, ಸಾಮಾನು ತರಿಸ್ತೇನೆ."

"ಕೋರಿ ರೊಟ್ಟಿ."

"ಅದು ನಿಮಗೆ ಇಷ್ಟ."

"ಹಾಗಾದರೆ ಬಂಗುಡೆ ಪುಳಿಮುಂಚಿ."

"ಅದೂ ನಿಮಗೇ ಅಪ್ಪ."

"ಮತ್ತೆ ನೀನೇ ಹೇಳು. ನಿನಗೆ ಗೊತ್ತಿಲ್ವಾ?"

"ಕೇಳಿದಾಗೆಲ್ಲ, ನೀವು ತಿಂದು ಉಳಿದದ್ದು ಉಂಟಲ್ಲ, ಸಾಕು ಅಂತಿದ್ರು," ಎಂದು ಚಿತ್ರಾ ಅತ್ತಳು.

ಧರ್ಣಪ್ಪ ಉಂಡು ಕಾರು ಹತ್ತಿದ ಮೇಲೆ ಸುಂದರಿ ಉಣ್ಣುತ್ತಿದ್ದದ್ದು. ಅವಳ ಬಟ್ಟಲಲ್ಲಿ ಏನಿರುತ್ತಿತ್ತೆಂದು ಅವನು ಕಂಡವನೇ ಅಲ್ಲ. "ನನ್ನನ್ನೂ ಒಮ್ಮೆ ಬಸದಿಗೆ ಕರ್ಕೊಂಡು ಹೋಗಿ ಮಾರಾಯ್ರೆ" ಎಂದು ಕೇಳಿದ್ದಳು. "ಸೀಸನ್ ಮುಗೀಲಿ, ಹೋಗುವ" ಎಂದಿದ್ದ. ಎಷ್ಟೋ ಸೀಸನ್‌ಗಳು ಮುಗಿದವು. ಊರೂರಿನವರ ನಾಲಿಗೆಯ ರುಚಿಯೆಲ್ಲ ತಿಳಿದವನಿಗೆ ಮನೆಯವಳದ್ದು ತಿಳಿಯದೆ ಹೋಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಮನೆಯಲ್ಲಿ ಕೂರಲಾರದೆ ಹೊಳೆಬದಿಯ ಲೋಲಾಕ್ಷಿಯ ಹೋಟೆಲಿಗೆ ನಡೆದ. ಪ್ರವಾಸಿಗರನ್ನು ಸಂಜೆಯ ತಿಂಡಿಗೆ ಕರೆತರುತ್ತಿದ್ದದ್ದು ಅಲ್ಲಿಗೇ. ಸುಂದರಿಗೆ ಏನು ಇಷ್ಟವಿತ್ತೆಂದು ನಾಚಿಕೆ ಬಿಟ್ಟು ಕೇಳಿದ.

"ಅಷ್ಟೂ ಗೊತ್ತಿಲ್ವಾ ನಿಮಗೆ?" ಲೋಲಾಕ್ಷಿ ಒಲೆಯ ಮುಂದಿನಿಂದ ಎದ್ದೇ ಬಂದಳು. "ಬನ್ಸ್! ಎಣ್ಣೆಯಿಂದ ತೆಗೆದ ಬಿಸಿ ಬನ್ಸ್, ಸಕ್ಕರೆ ಜಾಸ್ತಿ ಹಾಕಿದ ಚಾ. ನಿಮಗೆ ಟ್ರಿಪ್ ಇದ್ದ ದಿನ ಬರ್ತಿದ್ಳು. ಹೊಳೆ ಕಾಣುವಲ್ಲಿ ಕೂತು, 'ಲೋಲಾಕ್ಷಕ್ಕ, ಇವತ್ತು ನಾನೂ ಟೂರಿಸ್ಟು, ಏನುಂಟು ನೋಡ್ಲಿಕ್ಕೆ?' ಅಂತ ನಗ್ತಿದ್ಳು."

"ನನ್ನ ಹತ್ರ ಹೇಳಲೇ ಇಲ್ಲ ಅವಳು."

"ನೀವು ಕೇಳಿದ್ರಾ?"

ಮರುದಿನ ಅವನೇ ಹೋಗಿ ಬನ್ಸ್ ಮತ್ತು ಫ್ಲಾಸ್ಕಿನಲ್ಲಿ ಚಾ ತಂದ. ಬೊಜ್ಜದ ಎಲೆಗೆ ಹೋಟೆಲಿನ ತಿಂಡಿಯೇ ಎಂದು ಹಿರಿಯರು ಗೊಣಗಿದರು. ಸುಂದರಿಯ ಅಣ್ಣ ಹುಕ್ರಪ್ಪನಂತೂ, "ಕೋಳಿ ಇಲ್ಲದೆ ಎಲೆ ಉಂಟಾ ಭಾವ?" ಎಂದು ಕೇಳಿಯೇಬಿಟ್ಟ. ಧರ್ಣಪ್ಪ ಕೋಳಿಯನ್ನೂ ಎಲೆಯ ಅಂಚಿಗೆ ಬಡಿಸಿ ನಡುವೆ ಬನ್ಸ್ ಇಟ್ಟ. ಲೋಟಕ್ಕೆ ಚಾ ಬಗ್ಗಿಸಿದ. ಬಾಗಿಲು ಮುಚ್ಚಿದರು.

ಸ್ವಲ್ಪ ಹೊತ್ತಿಗೆ, ಬೊಜ್ಜಕ್ಕೆ ಬಂದ ಜನರೆಲ್ಲ ಊಟಕ್ಕೆ ಕಾಯುತ್ತಿದ್ದಾರೆಂದು, ಹುಕ್ರಪ್ಪ ಕೆಮ್ಮಿ ಬಾಗಿಲಿಗೆ ಕೈ ಹಾಕಿದ. ಧರ್ಣಪ್ಪ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇರಿ ಭಾವ, ಈಗಲೇ ತೆಗೀಬೇಡಿ. ಚಾ ಬಿಸಿ ಉಂಟು. ಅವಳು ನಿಧಾನಕ್ಕೆ ಕುಡೀಲಿ," ಎಂದು ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತು, ನೆರೆದವರೆಲ್ಲರ ಎದುರಿಗೆ ಗಟ್ಟಿಯಾಗಿ ಅತ್ತ.