ಬಸವಣ್ಣೆಮ್ಮನವರ ಮಂಗಳವಾರಗಳು

ಕೇಳಿದ ಗುಟ್ಟನ್ನು ಪತಿಗೂ ಹೇಳದವರು, ಅಳುವವರನ್ನು ಅಳಬೇಡವೆನ್ನದವರು, ಹಿಡಿದ ಕಾರ್ಯವನ್ನು ನಡುವೆ ಬಿಡದವರು, ಕನ್ನಡದಲ್ಲಿ ನೊಂದವರಿಗೆ ಕನ್ನಡದಲ್ಲಿಯೂ ಉರ್ದುವಿನಲ್ಲಿ ನೊಂದವರಿಗೆ ಉರ್ದುವಿನಲ್ಲಿಯೂ ಧೈರ್ಯ ತುಂಬುವವರು ದಾವಣಗೆರೆ ಕೆ.ಬಿ. ಬಡಾವಣೆಯ ಬಸವಣ್ಣೆಮ್ಮನವರು. ಹರಿಹರದಲ್ಲಿ ಹುಟ್ಟಿ, ನೆರೆಮನೆಯ ಮುಸಲ್ಮಾನ ಗೆಳತಿಯರೊಡನೆ ಆಡುತ್ತಲೇ ಅವರ ನುಡಿಯನ್ನು ಕಲಿತವರು.

೧೯೫೮ರಲ್ಲಿ, ಹರಿಹರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಮಸ್ತಾನಸಾಬರ ಮೂರು ವರ್ಷದ ಮಗಳು ಜ್ವರದಿಂದ ತೀರಿಕೊಂಡಳು. ತಾಯಿ ಮಾಸೂಮಾ ಅಂದಿನಿಂದ ಮಾತು ಬಿಟ್ಟಳು. ಎರಡು ತಿಂಗಳಲ್ಲಿ ಮಾತು ಮರಳದಿದ್ದರೆ ಆಕೆಯನ್ನು ದೂರದ ಹುಚ್ಚಾಸ್ಪತ್ರೆಗೆ ಸೇರಿಸುವುದೆಂದು ಬಂಧುಗಳು ನಿಶ್ಚಯಿಸಿದರು. ಇದನ್ನು ಕೇಳಿದ ಬಸವಣ್ಣೆಮ್ಮನವರು ಪ್ರತಿ ಮಂಗಳವಾರ ರೈಲಿನಲ್ಲಿ ಹರಿಹರಕ್ಕೆ, ಸಾಬರ ಮನೆಗೆ ಹೋಗತೊಡಗಿದರು. ಓಣಿಯವರು ಆಡಿಕೊಳ್ಳಬಾರದೆಂದು ಕೈಯಲ್ಲೊಂದು ಹಿತ್ತಾಳೆಯ ಪಾತ್ರೆಯನ್ನು ಹಿಡಿದಿರುತ್ತಿದ್ದರು.

ನಾಲ್ಕನೆಯ ವಾರ ಮಸ್ತಾನಸಾಬರು, "ಅಮ್ಮಾರೆ, ಇದಕ್ಕೆ ಹೋದ ವಾರನೇ ಕಲಾಯಿ ಹಾಕೀನಲ್ರಿ," ಎಂದರು.

"ಇನ್ನೊಂದ್ಸಲ ಹಾಕ್ರಿ ಸಾಬ್ರೆ. ನಿಮ್ಮ ಕೆಲಸದ ಮ್ಯಾಲೆ ನಂಗೆ ನಂಬಿಕೆ ಕಡಿಮೆ ಐತೆ."

ಸಾಬರು ನಕ್ಕರು. "ಒಳಗೆ ಹೋಗ್ರಿ. ಆದ್ರೆ ಮಗೀನ ಹೆಸರು ಮಾತ್ರ ಎತ್ತಬ್ಯಾಡ್ರಿ. ಮನ್ಯಾಗೆ ಯಾರೂ ಎತ್ತಲ್ಲ."

ಮಾತು ಎಲ್ಲಿ ಸಿಕ್ಕಿಕೊಂಡಿದೆಯೆಂದು ಬಸವಣ್ಣೆಮ್ಮನವರಿಗೆ ಆಗ ತಿಳಿಯಿತು. ಮಾಸೂಮಾಳ ಪಕ್ಕದಲ್ಲಿ ಕುಳಿತು, ಮಗಳ ಹೆಸರೇನೆಂದು ಉರ್ದುವಿನಲ್ಲಿ ಕೇಳಿದರು. ಮುಂದಿನ ಮಂಗಳವಾರವೂ ಕೇಳಿದರು. ಅದರ ಮುಂದಿನ ವಾರವೂ ಕೇಳಿದರು. ಅಂದು ಮಾಸೂಮಾ "ಶಹಜಾದಿ" ಎಂದು ಬಹಳ ಹೊತ್ತು ಅತ್ತಳು. ಬಾಗಿಲಲ್ಲಿದ್ದ ಮಸ್ತಾನಸಾಬರು ಒಳಗೆ ಬಂದು, ಹೆಂಡತಿಯ ಬಳಿ ಕುಳಿತು, ತಾವೂ ಆ ಹೆಸರನ್ನು ಹೇಳಿದರು. ಆಸ್ಪತ್ರೆಯ ಮಾತು ಅಲ್ಲಿಗೇ ನಿಂತಿತು.

ಶ್ರೀ ಹರಿಹರೇಶ್ವರನು ತಾಯಿ ಬಸವಣ್ಣೆಮ್ಮನವರಿಗೆ ಪೂರ್ಣಾಯುಷ್ಯವನ್ನೂ, ಅವರ ಮನೆಯ ಹಿರಿಯ ಕಿರಿಯರೆಲ್ಲರಿಗೆ ಆರೋಗ್ಯವನ್ನೂ, ಉಣ್ಣುವ ಅನ್ನದಲ್ಲಿ ನೆಮ್ಮದಿಯನ್ನೂ ಕರುಣಿಸಲಿ.