ಸುಂಕದ ವರ

ಯಾರಾದರೂ ಕೇಳಿದ ಕೂಡಲೇ ‘ಹೂಂ’ ಅಂದುಬಿಟ್ಟರೆ ನನಗೆ ಅನುಮಾನ ಶುರುವಾಗುತ್ತದೆ. ದೇಶದೇಶಗಳ ವ್ಯಾಪಾರ ಒಪ್ಪಂದಗಳನ್ನು ಓದಿ, ಅದರಲ್ಲಿ ಯಾರ ಹೊಟ್ಟೆ ತುಂಬಿತು ಎಂದು ಹುಡುಕುವುದೇ ಮುಂದೆ ನನ್ನ ಕಸುಬಾಯಿತು. ಆದರೆ ಈ ಚಾಳಿ ಹತ್ತಿದ್ದು ಪುಸ್ತಕದಿಂದಲ್ಲ, ರಾಮದುರ್ಗಕ್ಕೆ ಕನ್ಯೆ ನೋಡಲು ಹೋದಾಗ.

ಎಪ್ಪತ್ತರ ದಶಕ. ಬೈಲಹೊಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತ, ಹೊರದೇಶದ ನೂಲಿನ ಮೇಲೆ ಹಾಕುವ ಆಮದು ಸುಂಕದ ಕುರಿತು ಪಿಎಚ್.ಡಿ. ಮಾಡುತ್ತಿದ್ದೆ. ಸಂಬಂಧ ತಂದ ಹಿರಿಯರು ಹುಡುಗಿಯ ಮನೆಯಲ್ಲಿ ನನ್ನ ಬಗ್ಗೆ ಹೇಳಿದ್ದು ಇಷ್ಟೇ: “ಹುಡುಗ ಸುಂಕದಾಗ ಅದಾನ್ರಿ, ಭಾಳ ಮ್ಯಾಲ ಹೋಗತಾನ.”

ಹುಡುಗಿಯ ತಂದೆ ಸೀರೆ ವ್ಯಾಪಾರಿ. ಆದರೆ ನಾವು ಹೋದಾಗ ಮನೆ ಮುಂದಿನ ಅಂಗಡಿಯ ಕಪಾಟುಗಳೆಲ್ಲ ಬರಿದು. ಹಿತ್ತಲಿನಿಂದ ಹೆಂಗಸೊಬ್ಬಳು ದೊಡ್ಡ ಗಂಟು ಹೊತ್ತು ಹೊರಗೆ ಹೋದದ್ದು ಕಿಟಕಿಯಲ್ಲಿ ಕಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಟು ಹೋಯಿತು. ತಂದೆ ಉಪ್ಪಿಟ್ಟಿನ ತಾಟು ಮುಂದಿಟ್ಟು, ನಾವು ಕೇಳದಿದ್ದರೂ ಗೋಳು ತೋಡಿಕೊಂಡರು: “ವ್ಯಾಪಾರ ಎಲ್ಲಿ ಉಳದೈತ್ರಿ ಸಾಹೇಬ್ರ, ಬರೇ ನೊಣಾ ಹೊಡಿಯೂದು.”

“ದಿವಾಳಿ ಎದ್ದಾರ, ನಡಿ ಹೋಗೂಣು” ಎಂದು ನನ್ನ ಸೋದರಮಾವ ಕಿವಿಯಲ್ಲಿ ಪಿಸುಗುಟ್ಟಿದ. ನನ್ನ ತಲೆ ಕೆಟ್ಟದ್ದು ಆ ‘ಸಾಹೇಬ್ರ’ ಎಂಬ ಮಾತಿಗೆ. ಮಾಸ್ತರನನ್ನು ಯಾರಾದರೂ ಸಾಹೇಬ ಅನ್ನುತ್ತಾರೆಯೇ?

ಹುಡುಗಿ ಮಾತ್ರ ಮನಸ್ಸಿಗೆ ಬಂದಳು. “ಏನರ ಕೇಳೂದಿದ್ರ ಕೇಳವ್ವಾ” ಎಂದು ಸೋದರಮಾವ ಅಂದಾಗ ತಲೆಯೆತ್ತಿ, “ನೀವು ನಗೂದ ಇಲ್ಲೇನ್ರಿ?” ಎಂದಳು. ನಾನು ಅಲ್ಲೇ ನಕ್ಕುಬಿಟ್ಟೆ.

ವಾರದೊಳಗೆ ಅವರ ಒಪ್ಪಿಗೆ ಬಂತು. ಜಾತಕದ ತಕರಾರಿಲ್ಲ, ಕೊಡುಕೊಳ್ಳುವ ಮಾತಿಲ್ಲ. ಸೀರೆ ವ್ಯಾಪಾರಿ ಚೌಕಾಸಿಯಿಲ್ಲದೆ ಒಪ್ಪುವುದೆಂದರೇನು? ನನಗೆ ನಿದ್ದೆ ಹತ್ತಲಿಲ್ಲ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಒಬ್ಬನೇ ರಾಮದುರ್ಗಕ್ಕೆ ಹೋದೆ.

“ಖರೇ ಹೇಳ್ರಿ, ನನಗ ಯಾಕ ಹುಡುಗೀನ ಕೊಡಾಕತ್ತೀರಿ?” ಎಂದು ಅವಳ ತಂದೆಯನ್ನು ನೇರವಾಗಿ ಕೇಳಿದೆ.

ಅವರು ದನಿ ತಗ್ಗಿಸಿದರು. “ಸುಂಕದ ಆಫೀಸರ್ ಅಳಿಯ ಮನ್ಯಾಗಿದ್ರ ರೇಡು ಗೀಡು ತಪ್ಪತಾವಲ್ರಿ.”

ನನ್ನ ಕಣ್ಣಿಗೆ ಬೀಳದಂತೆ ಸೀರೆಯ ಗಂಟುಗಳನ್ನು ಸಾಗಿಸಿ ಅಂಗಡಿ ಬರಿದು ಮಾಡಿದ್ದು ಯಾಕೆಂದು ಆಗ ತಿಳಿಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತಾರೆ. ಈ ಮನುಷ್ಯ ಸುಂಕದವನಲ್ಲದವನ ಮುಂದೆ ಅದನ್ನು ಹೇಳಿಕೊಂಡಿದ್ದರು. ನಾನು ಸುಮ್ಮನಿದ್ದರೆ ಹುಡುಗಿ ಸಿಗುತ್ತಿದ್ದಳು, ಬಾಯಿಬಿಟ್ಟರೆ ಕೈತಪ್ಪುತ್ತಿದ್ದಳು. ಆದರೂ ಹೇಳಿದೆ.

“ನಾ ಸುಂಕದ ಬಗ್ಗೆ ಓದಾಂವ್ರಿ, ವಸೂಲಿ ಮಾಡಾಂವಲ್ಲ. ಬರೇ ಕಾಲೇಜ್ ಮಾಸ್ತರ.”

ಅವರ ಮುಖ ಇಳಿದುಹೋಯಿತು. “ಹಂಗಾರ ಇದನ್ನ ಇಲ್ಲಿಗೇ ಬಿಡೂಣ್ರಿ” ಎಂದು ಎದ್ದು ನಿಂತರು. ನಾನೂ ಎದ್ದೆ. ಚಪ್ಪಲಿ ಮೆಟ್ಟಿದೆ.

ಅಷ್ಟರಲ್ಲಿ ಹುಡುಗಿ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಇವ್ರು ಮಾಸ್ತರು ಅಂತ ನನಗ ಮೊದಲ ಗೊತ್ತಿತ್ತಪ್ಪಾ. ನನ್ನ ಗೆಳತಿ ತಮ್ಮ ಇವ್ರ ಕಡೇನ ಕಲಿಯಾಕತ್ತಾನ. ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಸುಮ್ನಿದ್ದೆ.”

ತಂದೆ ಮಗಳನ್ನು ಗುರುತು ಸಿಗದವರಂತೆ ನೋಡಿದರು. ನಾನೇ ಬೇಕೆಂದು ಯಾರಾದರೂ ಒಂದು ಗುಟ್ಟನ್ನು ಕಾಯ್ದುಕೊಂಡಿದ್ದು ಅದೇ ಮೊದಲು.

“ನೀ ಲಗ್ನಕ್ಕ ಒಪ್ಪಿದ್ದು ಈಗ ಊರಿಗೆಲ್ಲಾ ಗೊತ್ತಾಗೇತಿ” ಎಂದಳು ಅವಳು, ಅಪ್ಪನ ಮುಖದಿಂದ ಕಣ್ಣು ತೆಗೆಯದೆ. “ಈಗ ಬ್ಯಾಡನ್ನು, ನೋಡೂಣು.”