ಕಂತಿನ ಸಭೆಯಲ್ಲಿ ಕಳೆದ ಮೈಸೂರು

ಹಾಸನದಿಂದ ಬೆಳಗಿನ ಕೆಂಪು ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಸೀಟು ಸಿಗುವುದೇ ಪುಣ್ಯ. ಹೊಳೆನರಸೀಪುರದವರೆಗೆ ನಿಂತೇ ಬಂದೆ. ಅಲ್ಲಿಂದ ಯಾರದೋ ಈರುಳ್ಳಿ ಮೂಟೆಯ ಪಕ್ಕ ಅರ್ಧ ಸೀಟು ದಕ್ಕಿತು. ಎರಡು ದಿನ ಇದ್ದು ಅರಮನೆ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ ನೋಡಿಕೊಂಡು ಬರಬೇಕೆಂದು ಹೊರಟವಳು ಇವುಗಳಲ್ಲಿ ಒಂದನ್ನೂ ನೋಡದೆ ವಾಪಸ್ಸಾಗಿದ್ದೇನೆ. ಯಾಕೆಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಊರೊಳಗೆ ಹೋಗದೆ ಹುಣಸೂರು ರಸ್ತೆಯಲ್ಲೇ ಇಳಿದು ಹೂಟಗಳ್ಳಿಗೆ ನಡೆದೆ. ಅಲ್ಲಿ ನನ್ನ ಚಿಕ್ಕಮ್ಮನ ಮಗಳು ಜಯ ಇದ್ದಾಳೆ. ಮೊದಲು ಅವಳು ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಪರದೇಶದವರ ಬಾಡಿಗೆ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವರು ಊರಿಗೆ ಹೋದ ತಿಂಗಳು ಸಂಬಳವೂ ಅವರ ಜೊತೆಗೇ ಹೋಗುತ್ತಿತ್ತು. ಆಮೇಲೆ ಒಂದು ಮೈಕ್ರೋಫೈನಾನ್ಸ್ ಕಂಪನಿಯ ಸಾಲ ತೆಗೆದು ತಳ್ಳುಗಾಡಿ, ಒಲೆ, ಪಾತ್ರೆ ಕೊಂಡಳು. ಈಗ ಹೆಬ್ಬಾಳದ ಒಂದು ಕಾರ್ಖಾನೆಯ ಗೇಟಿನ ಮುಂದೆ ಮಧ್ಯಾಹ್ನ ಶಿಫ್ಟು ಬಿಡುವ ಹೊತ್ತಿಗೆ ಮುದ್ದೆ, ಬಸ್ಸಾರು, ಅನ್ನ ಬಡಿಸುತ್ತಾಳೆ. ಮಗಳನ್ನು ಡಿಪ್ಲೊಮಾಗೆ ಸೇರಿಸಿದ್ದಾಳೆ. ಇಂಥ ಸಾಲದಿಂದ ಬಡತನ ಹೋಗುತ್ತದೆಯೋ ಇಲ್ಲವೋ ಎಂದು ವಾದ ಮಾಡುವವರು ಒಮ್ಮೆ ಆ ಗಾಡಿಯ ಮುಂದೆ ನಿಂತು ಉಣ್ಣಬೇಕು. ಅಷ್ಟು ಉಂಡ ಮೇಲೆ ನನ್ನ ಉಳಿದ ಕಥೆಯನ್ನೂ ಕೇಳಬೇಕು.

ಮಾರನೆಯ ಬೆಳಿಗ್ಗೆ ಜಯ ಅಡುಗೆಯೆಲ್ಲ ಮುಗಿಸಿ ಪಾತ್ರೆಗಳನ್ನು ಗಾಡಿಗೆ ಏರಿಸಿ, ಮೇಲೊಂದು ಗೋಣಿತಾಟು ಹೊದಿಸಿದಳು. "ಒಂದ್ ಗಳ್ಗೆ ಮೀಟಿಂಗ್ ಅದೆ, ಬಾರಕ್ಕ. ಕಂತು ಕಟ್ಬುಟ್ಟು ಗಾಡಿ ಹಾಕವ. ಸಾಯಂಕಾಲ ಅರಮನೆ ಲೈಟು ನೋಡವ," ಎಂದಳು. ಗಳಿಗೆಯ ಮಾತು ನಂಬಿ ಹೋದೆ.

ಸಭೆ ಪಕ್ಕದ ಬೀದಿಯ ರತ್ನಮ್ಮನವರ ಮನೆಯ ಹಾಲಿನಲ್ಲಿ. ರತ್ನಮ್ಮ ಗುಂಪಿನ ಮುಖಂಡರು. ಹೆಂಗಸರೆಲ್ಲ ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಕಂಪನಿಯ ಫೀಲ್ಡ್ ಆಫೀಸರ್ ಬಂದೊಡನೆ ಎಲ್ಲರೂ ಎದ್ದು ಶಾಲೆಯ ಮಕ್ಕಳಂತೆ ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳಿದರು: ಹೊತ್ತಿಗೆ ಸರಿಯಾಗಿ ಕಟ್ಟುತ್ತೇವೆ, ಒಬ್ಬರಿಗೊಬ್ಬರು ಆಗುತ್ತೇವೆ. ನಿಯಮವೂ ಹಾಗೇ ಇದೆ. ಎಲ್ಲರ ಕಂತೂ ಕೈಗೆ ಬರುವವರೆಗೆ ಯಾರೂ ಎದ್ದು ಹೋಗುವಂತಿಲ್ಲ. ಅಡವಿಡಲು ಒಡವೆಯಿಲ್ಲದವರನ್ನು ಬ್ಯಾಂಕಿನವರು ಮಾತಾಡಿಸುವುದಿಲ್ಲ. ಇಲ್ಲಿ ಒಬ್ಬರಿಗೊಬ್ಬರೇ ಅಡವು. ಕೇಳುವುದಕ್ಕೆ ಚೆನ್ನಾಗಿಯೇ ಇದೆ.

ಅವತ್ತು ಶೋಭ ಎಂಬ ಒಬ್ಬಳು ಬಂದಿರಲಿಲ್ಲ. ಮನೆಯಲ್ಲಿ ಬಟ್ಟೆ ಹೊಲಿಯುವವಳಂತೆ. ಆಫೀಸರ್ ಫೋನ್ ಮಾಡಿದರೆ ಎತ್ತಲಿಲ್ಲ. ಕಾದೆವು. ಫ್ಯಾನು ತಿರುಗುತ್ತಿದ್ದದ್ದು ರತ್ನಮ್ಮನವರ ತಲೆಯ ಮೇಲೆ ಮಾತ್ರ. ಹೊರಗೆ ಬಿಸಿಲೇರುತ್ತಿತ್ತು, ಗಾಡಿಯ ಮೇಲಿನ ಮುದ್ದೆ ಆರುತ್ತಿತ್ತು. ಶಿಫ್ಟಿನ ಜನ ಕಾಯುವವರಲ್ಲ. ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ಇನ್ನೊಬ್ಬರ ಊಟದ ಗಾಡಿಯೂ ಬಂದಿದೆ.

ಕಾದು ಸಾಕಾಗಿ ನಾನೇ ಪರ್ಸು ತೆಗೆದೆ. "ಆಕೆಯದು ಎಷ್ಟು ಹೇಳಿ, ನಾನು ಕೊಡ್ತೀನಿ. ಇವರನ್ನೆಲ್ಲ ಬಿಡಿ."

"ಅದೆಲ್ಲ ಬ್ಯಾಡ ಕಣ್ರಮ್ಮ," ಎಂದರು ರತ್ನಮ್ಮ. "ಇವತ್ತು ನೀವು ಕೊಟ್ರೆ ಮುಂದಿನ್ ವಾರ ಇನ್ನಿಬ್ರು ಬರಾಕಿಲ್ಲ. ನೀವು ಊರ್ಗೆ ಹೋಯ್ತೀರಿ, ಕೂತ್ಕಳ್ಳೋರು ನಾವು."

ಆಫೀಸರ್ ನನ್ನತ್ತ ತಿರುಗಿ, "ಬಾಕಿ ಇಟ್ಕೊಂಡು ಹೋದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಮೇಡಂ," ಎಂದರು. ಪಾಪ, ಅವರೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆ ಮನೆಯಲ್ಲಿ ಯಾರ ಮೇಲೆ ಸಿಟ್ಟಾಗಬೇಕೆಂದೇ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಜಯಳ ಮಡಿಲಲ್ಲಿದ್ದ ಫೋನು ಗುಂಯ್ ಎಂದಿತು. ಅವಳು ಕಟ್ ಮಾಡಿದಳು. ಮತ್ತೆ ಗುಂಯ್ ಎಂದಿತು, ಮತ್ತೆ ಕಟ್ ಮಾಡಿದಳು. ಬಗ್ಗಿ ನೋಡಿದರೆ 'ಶೋಭ' ಎಂದಿದೆ! ನಾನು ಬಾಯಿ ತೆರೆಯುವುದರೊಳಗೆ ತೊಡೆ ಚಿವುಟಿ, ನೀರು ಕುಡಿಯುವ ನೆವ ಹೇಳಿ ಹಿತ್ತಲಿಗೆ ಎಳೆದುಕೊಂಡು ಹೋದಳು.

"ನಾನೂ ಅವ್ಳೂ ಇನ್ನೊಂದ್ ಕಂಪ್ನೀಲೂ ಸಾಲ ತಗಂಡಿವಿ ಕಣಕ್ಕ. ಇಲ್ಲಿ ಯಾರ್ಗೂ ಗೊತ್ತಿಲ್ಲ. ಕಾರ್ಖಾನೆ ಮುಚ್ಚಿದ್ದಾಗ ಗಾಡಿ ನಿಂತೋಯ್ತು, ಈ ಕಂತು ಕಟ್ಟಕೆ ಅಂತ ಅದನ್ನ ತಗಂಡೆ. ಅದ್ರ ಮೀಟಿಂಗು ಹೆಬ್ಬಾಳದಲ್ಲಿ, ನಾಳೆ ಇರ್ಬೇಕಾಗಿತ್ತು. ಅವ್ರ್ಗೆ ನಾಳೆ ಏನೋ ಟ್ರೈನಿಂಗಂತೆ, ಇವತ್ತೇ ಇಟ್ಬುಟ್ಟವ್ರೆ. ಇಲ್ಲಿ ಕಟ್ಬುಟ್ಟು ಅಲ್ಗೆ ಹೋಗವ ಅಂತ ನಾನಿದ್ದೆ. ಅಲ್ಲಿ ಕಟ್ಬುಟ್ಟು ಇಲ್ಗೆ ಬರವ ಅಂತ ಅವ್ಳು ಹೋಗವ್ಳೆ."

"ಸರಿ, ಬರಲಿ ಮತ್ತೆ!"

"ಎಂಗ್ ಬತ್ತಾಳೆ? ನಾನು ಹೋಗೋಗಂಟ ಅಲ್ಲಿ ಯಾರನ್ನೂ ಎದ್ದೇಳಕ್ ಬುಡಲ್ವಲ್ಲ!"

ಹಣೆ ಚಚ್ಚಿಕೊಂಡೆ. ಅಲ್ಲಿ ಅವಳ ಪರ್ಸಿನಲ್ಲಿ ಇಲ್ಲಿಯ ಕಂತು, ಇಲ್ಲಿ ಇವಳ ಪರ್ಸಿನಲ್ಲಿ ಅಲ್ಲಿಯ ಕಂತು. ಎರಡು ಬಡಾವಣೆಯ ಹೆಂಗಸರು ಮನೆ ಮಠ ಬಿಟ್ಟು ಇವರಿಬ್ಬರಿಗಾಗಿ ಕೂತಿದ್ದಾರೆ. "ಹೋಗಿ ಇದ್ದದ್ದನ್ನು ಹೇಳು," ಎಂದು ಗದರಿದೆ.

"ಹೇಳಿದ್ರೆ ಮುಂದಿನ್ ಸಾಲ ಕೊಡಾಕಿಲ್ಲ ಕಣಕ್ಕ. ಗೇಟ್ ಹತ್ರ ಒಂದ್ ಪೆಟ್ಟಿಗೆ ಅಂಗಡಿ ಮಾರಾಟಕ್ಕೆ ಬತ್ತಾ ಅದೆ. ತಲೆ ಮೇಲೆ ನೆರಳು ಅಂತ ಆದದು. ಮಳೆ ಬಂದ ದಿನ ಯಾಪಾರನೇ ಇಲ್ಲ ನಂಗೆ." ಅವಳ ಕಣ್ಣು ತುಂಬಿತು. ನನಗೂ ಸಂಕಟವಾಯಿತು, ಆದರೆ ಸಿಟ್ಟು ಇಳಿಯಲಿಲ್ಲ.

ಒಳಗೆ ಬಂದರೆ ಮಾತು ಬೇರೆ ದಾರಿ ಹಿಡಿದಿತ್ತು. "ಓಡೋಗವ್ಳೆ ಬುಡಿ. ನಡೀರಿ, ಅವ್ಳ ಮನೆ ಮುಂದೆ ಕೂರವ. ಅವ್ಳತ್ತೆ ಉತ್ತರ ಹೇಳ್ಲಿ," ಎಂದು ರತ್ನಮ್ಮ ಸೆರಗು ಸಿಕ್ಕಿಸುತ್ತಿದ್ದರು. ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಬರೋಣ ಎಂದಳು ಇನ್ನೊಬ್ಬಳು. ಶೋಭಳ ಅತ್ತೆ ಸೊಂಟ ಮುರಿದುಕೊಂಡು ಮಲಗಿರುವ ಮುದುಕಿಯೆಂದು ಆಮೇಲೆ ತಿಳಿಯಿತು.

ಜಯ ಕೂರಲಿಲ್ಲ. "ಆ ಮುದ್ಕಿ ತಂಟೆಗೆ ಹೋಗ್ಬ್ಯಾಡಿ. ಶೋಭ ಓಡೋಗಿಲ್ಲ," ಎಂದು ಶುರುಮಾಡಿ, ಹಿತ್ತಲಲ್ಲಿ ನನಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟಳು.

ಬೈಗುಳ ಬಿದ್ದವು. ಅವು ನಿಂತ ಮೇಲೆ ಆಫೀಸರ್ ಮೆಲ್ಲಗೆ, "ಜಯಮ್ಮ, ಮುಂದಿನ ಸಾಲಕ್ಕೆ ನಿಮ್ಮ ಹೆಸರು ಕಳಿಸೋಕಾಗಲ್ಲ," ಎಂದರು.

"ಗೊತ್ತು ಸಾರ್. ಈಗ ಹೋಗ್ಲಾ? ಗಾಡಿ ನಿಂತದೆ."

"ಶೋಭ ಅವರದು ಬರೋವರೆಗೂ..." ಎಂದು ಅವರು ರಾಗ ಎಳೆದರು.

ನಿಜ ಹೇಳಿದ ಮೇಲೂ ಏಳುವಂತಿಲ್ಲ! ಇನ್ನು ಅಲ್ಲಿದ್ದರೆ ಜಗಳವಾಗುತ್ತದೆಂದು ಜಯಳ ಕೈಯಿಂದ ಆ ಇನ್ನೊಂದು ಕಂಪನಿಯ ಕಂತಿನ ಹಣ ಕಿತ್ತುಕೊಂಡು ಆಟೋ ಹತ್ತಿದೆ. ಮೈಸೂರಿನಲ್ಲಿ ನನ್ನ ಸುತ್ತಾಟವೆಂದರೆ ಇದೊಂದೇ. ಹೂಟಗಳ್ಳಿಯಿಂದ ಹೆಬ್ಬಾಳಕ್ಕೆ ಹೋಗಿ ಬರಲು ಇನ್ನೂರು ಕೇಳಿದ, ಚೌಕಾಸಿ ಮಾಡಿ ನೂರೈವತ್ತಕ್ಕೆ ಒಪ್ಪಿಸಿದೆ. ಅಲ್ಲಿಯೂ ಅದೇ ಚಾಪೆ, ಅದೇ ಸಾಲು, ಅದೇ ಬೇಸತ್ತ ಮುಖಗಳು. "ಶೋಭ ಯಾರಮ್ಮ? ಇದು ಜಯಳ ಕಂತು," ಎಂದದ್ದೇ ತಡ, ಇಡೀ ಕೋಣೆ ಒಟ್ಟಿಗೆ ಎದ್ದು ಚಪ್ಪಲಿ ಹುಡುಕಿತು.

ಶೋಭ ಆಟೋದಲ್ಲಿ ನನ್ನ ಪಕ್ಕ ಕೂತಳು, ಜಯ ಬಾಯಿಬಿಟ್ಟದ್ದನ್ನು ಹೇಳಿದೆ. ಆಮೇಲೆ, "ಎಲ್ಲಾರ್ ಮುಂದೆ ಹೇಳ್ಬುಟ್ಳಾ?" ಎಂದಳು.

"ಹೇಳಿದಳು. ಇಲ್ಲದಿದ್ದರೆ ನಿಮ್ಮ ಅತ್ತೆಯ ಮುಂದೆ ಹೋಗಿ ಕೂರುತ್ತಿದ್ದರು."

"ನನ್ ಸಾಲಾನೂ ನಿಂತೋಯ್ತು. ಇನ್ ಅವ್ಳ ಮಕ ನೋಡಾಕಿಲ್ಲ," ಎಂದು ಹೊರಗೆ ನೋಡಿದಳು.

ಶೋಭ ಕಂತು ಕಟ್ಟಿ ಸಭೆ ಬಿಟ್ಟ ಮೇಲೆ ನಾನೂ ಜಯಳೂ ಗಾಡಿ ತಳ್ಳಿಕೊಂಡು ಗೇಟು ಸೇರಿದಾಗ ಶಿಫ್ಟು ಬಿಟ್ಟು ಜನ ಚದುರಿದ್ದರು. ಮುದ್ದೆ ಕಲ್ಲಾಗಿತ್ತು, ಸಾರು ಹುಳಿ ಬಂದಿತ್ತು. ಜಯ ಸಾರನ್ನು ಮೋರಿಗೆ ಸುರಿದಳು. ಗಾಡಿ ಕೊಡಿಸಿದ ಸಾಲವೇ ಗಾಡಿಯನ್ನು ಕಟ್ಟಿಹಾಕಿತ್ತು. ಅರಮನೆಯ ಹೆಸರನ್ನು ಸಾಯಂಕಾಲ ಇಬ್ಬರೂ ಎತ್ತಲಿಲ್ಲ.

ಮಾರನೆಯ ದಿನ ಹೊರಟೆ. ಸಿಟಿ ಬಸ್ಸು ಆ ಗೇಟಿನ ಮುಂದೆಯೇ ನಿಲ್ಲುತ್ತದೆಂದು ಚೀಲ ಹಿಡಿದು ಗಾಡಿಯವರೆಗೆ ಹೋದೆ. ಶಿಫ್ಟು ಬಿಟ್ಟಿತ್ತು, ಜನ ಮುತ್ತಿದ್ದರು. ಜಯ ಮುದ್ದೆ ಬಡಿಸುತ್ತಿದ್ದಳು. ಪಕ್ಕದಲ್ಲಿ ನಿಂತು ತಟ್ಟೆ ತೊಳೆದು ಕೊಡುತ್ತಿದ್ದವಳು ಶೋಭ! ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ.

ನನಗೆ ಖುಷಿಯಾಯಿತು. "ರಾಜಿಯಾಯ್ತೇನಮ್ಮ?" ಎಂದೆ.

"ಯಾವ್ ರಾಜಿ?" ಎಂದಳು ಶೋಭ, ತಟ್ಟೆಯ ನೀರು ಕೊಡವುತ್ತ. "ನೆನ್ನೆ ಇವ್ಳ ಯಾಪಾರ ಒಂದ್ ಕಾಸೂ ಆಗಿಲ್ಲ. ಇವತ್ತೂ ಆಗ್ದಿದ್ರೆ ಮುಂದಿನ್ ವಾರ ಇವ್ಳ ಕಂತು ನನ್ ತಲೆ ಮೇಲೆ ಬೀಳ್ತದೆ. ಎರಡ್ ಕಂಪ್ನೀದೂ."

ಜಯ ತಿರುಗಿ ನೋಡದೆ ಮುಂದಿನ ತಟ್ಟೆಗೆ ಕೈ ಚಾಚಿದಳು, ಶೋಭ ತಿರುಗಿ ನೋಡದೆ ಕೊಟ್ಟಳು. ಬಸ್ಸು ಬಂತು.